ಕೋಲು ಕೋಲಿಗೆ ತಾಗದಂತೆ

ನಮ್ಮ ಕಡೆ ಕೋಲಿಗೆ ಯಾರೂ ಕುಲಾವಿ ಹೊಲಿಸುವುದಿಲ್ಲ. ದನ ಅಟ್ಟುವ ಕೋಲು, ನುಗ್ಗೆಕಾಯಿ ಕೀಳುವ ದೋಟಿ, ಹಾವು ಬಂದರೆ ಇರಲಿ ಎಂದು ಇಟ್ಟ ದೊಣ್ಣೆ, ತೀರಿಕೊಂಡ ತಾತನ ಊರುಗೋಲು ಎಲ್ಲವೂ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದಕ್ಕೊಂದು ಒರಗಿಕೊಂಡು ವರ್ಷಗಟ್ಟಲೆ ನಿಂತಿರುತ್ತವೆ. ಅವುಗಳ ಮೈ ತರಚಿತು, ಬಣ್ಣ ಹೋಯಿತು ಎಂದು ಹುಣಸೂರಿನಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ ಯಾರೂ ನಿದ್ದೆಗೆಟ್ಟದ್ದಿಲ್ಲ. ಮುರಿದರೆ ಒಲೆಗೆ ಹೋಗುತ್ತಿತ್ತು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಬಚ್ಚಲ ಹಂಡೆಯ ಬುಡಕ್ಕೆ ಹೋಗುತ್ತದೆ. ಇಂಥ ಸೀಮೆಗೆ ಅಳಿಯನಾಗಿ ಬಂದವರು ನಮ್ಮ ಭಾವ. ಅವರ ಹತ್ತಿರ ಹದಿನಾಲ್ಕು ಕೋಲುಗಳಿವೆ. ಹದಿನಾಲ್ಕಕ್ಕೂ ಒಂದೊಂದು ಹೆಸರಿದೆ, ನಂಬರಿದೆ, ಕೆಲವಕ್ಕೆ ಟೋಪಿಯೂ ಇದೆ.

ಬ್ಯಾಂಕಿನಿಂದ ನಿವೃತ್ತರಾದವರು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಸೈಟು, ಸತ್ಸಂಗ ಈ ಮೂರರಲ್ಲಿ ಒಂದನ್ನು ಹಚ್ಚಿಕೊಳ್ಳುತ್ತಾರೆ. ಭಾವ ಗಾಲ್ಫ್ ಹಚ್ಚಿಕೊಂಡರು. ಮೈಸೂರಿನಲ್ಲಿ ಅದಕ್ಕೆ ಅನುಕೂಲವೂ ಇದೆ. ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್ ಕೋರ್ಸಿನ ಆವರಣದಲ್ಲೇ, ಜಯಚಾಮರಾಜ ಒಡೆಯರ್ ಹೆಸರಿನ ಗಾಲ್ಫ್ ಕ್ಲಬ್ ಇದೆ. ಕುದುರೆ ಓಡುವ ದಾರಿಯ ಒಳಗೆ ಮನುಷ್ಯರು ಚೆಂಡಿನ ಹಿಂದೆ ನಡೆಯುತ್ತಾರೆ. ಅಲ್ಲಿ ಕೈ ಪಳಗಿದ ಮೇಲೆ ಭಾವನಿಗೆ ಕೊಡಗಿನ ಮೇಲೆ ಕಣ್ಣು ಬಿತ್ತು. ಮಡಿಕೇರಿಯಲ್ಲಿ ಒಂದು ಮೈದಾನ, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ ಇನ್ನೊಂದು, ಪಾಲಿಬೆಟ್ಟದ ಕಾಫಿ ತೋಟಗಳ ನಡುವೆ ಮತ್ತೊಂದು. ಹೀಗೆ ತಿಂಗಳಿಗೊಮ್ಮೆಯಾದರೂ ಮೈಸೂರಿನಿಂದ ಹೊರಟು ಬಿಳಿಕೆರೆ, ಹುಣಸೂರು, ಪಂಚವಳ್ಳಿ, ಆನೆಚೌಕೂರು, ತಿತಿಮತಿ ದಾಟಿ ಹೋಗುವುದು ರೂಢಿಯಾಯಿತು. ಮಡಿಕೇರಿಯ ಕಡೆಗಾದರೆ ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ.

ಗಾಲ್ಫ್ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಮೈಸೂರು ಸೀಮೆ ಆ ವರ್ಷ ಮಳೆಯಿಲ್ಲದೆ ಕಂಗಾಲಾಗಿ ದೊಡ್ಡ ಬರದ ಬಾಯಿಗೆ ಬೀಳುತ್ತಿತ್ತು, ದಂಡಿನ ದೊರೆಗಳು ಚೆಂಡಿಗೆ ಗುರಿಯಿಡುತ್ತಿದ್ದರು. ಆಮೇಲೆ ಕೋಲಾರದ ಚಿನ್ನದ ಗಣಿಯ ಸಾಹೇಬರು ಆಡಿದರು, ಕೊಡಗು ಚಿಕ್ಕಮಗಳೂರಿನ ಕಾಫಿ ಪ್ಲಾಂಟರುಗಳು ಆಡಿದರು. ನಮ್ಮ ನಾಲ್ಕು ತಾಲ್ಲೂಕಿಗೆ ಮಾತ್ರ ಅದು ಇಳಿಯಲಿಲ್ಲ. ಕೆ.ಆರ್. ನಗರದವರು ಸಪಾಟು ಜಾಗ ಕಂಡರೆ ನೀರು ಕಟ್ಟಿ ಭತ್ತ ನಾಟಿ ಮಾಡುತ್ತಾರೆ. ಹುಣಸೂರು, ಪಿರಿಯಾಪಟ್ಟಣದವರು ಹೊಗೆಸೊಪ್ಪು ಹಾಕುತ್ತಾರೆ. ಎಚ್.ಡಿ. ಕೋಟೆಯಲ್ಲಿ ಆನೆಗಳು ಯಾರಿಗೂ ಏನನ್ನೂ ಹಾಕಲು ಬಿಡುವುದಿಲ್ಲ. ನೂರಾರು ಎಕರೆ ಹುಲ್ಲನ್ನು ದನ ಬಿಡದೆ ಸುಮ್ಮನೆ ನೋಡಿಕೊಂಡು ಕೂರುವ ಗಟ್ಟಿ ಗುಂಡಿಗೆ ನಮ್ಮಲ್ಲಿ ಯಾರಿಗೂ ಇಲ್ಲ.

ಹಾಗಾಗಿ ಭಾವನ ಆಟವೆಲ್ಲ ಮೈಸೂರಿನಲ್ಲಿ ಮತ್ತು ಕೊಡಗಿನಲ್ಲಿ. ನಮ್ಮ ಪಾಲಿಗೆ ಬಂದದ್ದು ನಡುವಿನ ರಸ್ತೆ. ಮೊದಮೊದಲು ನನಗೆ ಇದೊಂದು ಅವಮಾನ ಅನ್ನಿಸಿತ್ತು. ಈಗ ತಿಳಿದಿದೆ, ಗಾಲ್ಫ್ ಕೋಲಿನ ಬದುಕಿನಲ್ಲಿ ಮುಖ್ಯ ಘಟನೆಗಳು ನಡೆಯುವುದೇ ರಸ್ತೆಯಲ್ಲಿ.

ಒಂದು ಸಂಜೆ ಭಾವ ಬಿಟ್ಟಂಗಾಲದಿಂದ ಹಿಂದಿರುಗುತ್ತ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದರು. ಡಿಕ್ಕಿ ತೆಗೆದು, ಹೆರಿಗೆ ಆಸ್ಪತ್ರೆಯಿಂದ ಮಗು ತಂದವರ ಹಾಗೆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಜಗಲಿಯ ಮೇಲಿಟ್ಟರು. ಮುಖ ಸಪ್ಪಗಿತ್ತು. ಒಂದು ಕೋಲನ್ನು ಎಳೆದು ನನ್ನ ಕಣ್ಣಿನ ಹತ್ತಿರ ಹಿಡಿದರು.

"ನೋಡಯ್ಯ, ಏನು ಕಾಣುತ್ತೆ?"

ತಲೆಯಿಂದ ಗೇಣುದ್ದ ಕೆಳಗೆ, ಕಪ್ಪು ಕಾವಿನ ಸುತ್ತ ಬೆಳ್ಳಗೆ ಉಂಗುರ ಬಿದ್ದಿತ್ತು. ಬಣ್ಣ ಹೋಗಿ ಒಳಮೈ ಕಾಣುತ್ತಿತ್ತು.

"ಹೊಡೆದೂ ಹೊಡೆದೂ ಸವೆದಿರಬೇಕು ಭಾವ."

"ಹೊಡೆದರೆ ಇಲ್ಲಿ ಯಾಕಯ್ಯ ಸವೆಯುತ್ತೆ? ಇದನ್ನ ನಾನು ಹೊಡೆದದ್ದೇ ಎರಡು ಸಲ."

ಅಷ್ಟರಲ್ಲಿ ಅವ್ವ ಬಂದು ಚೀಲದೊಳಗೆ ಇಣುಕಿದಳು. "ಅಳಿಯಂದ್ರು ದೊಣ್ಣೆಗೆಲ್ಲ ಟೋಪಿ ಹಾಕವ್ರಲ್ಲ, ಚಳಿ ಆಯ್ತದಾ ಅವುಕ್ಕೆ?" ಎಂದಳು. ಆಮೇಲೆ, ಒಂದು ಚೆಂಡಿಗೆ ಇಷ್ಟೊಂದು ದೊಣ್ಣೆ ಬೇಕಾ, ಅದೇನು ಅಂಥ ತಪ್ಪು ಮಾಡಿತ್ತು ಎಂದು ಕೇಳಿ ಒಳಗೆ ಹೋದಳು.

ಗಾಲ್ಫ್ ಆಡದವರಿಗಾಗಿ ಇಲ್ಲಿ ಸ್ವಲ್ಪ ವಿವರ ಹೇಳಬೇಕು. ಕೋಲಿನ ಒಂದು ತುದಿಯಲ್ಲಿ ಹೊಡೆಯುವ ತಲೆ, ಇನ್ನೊಂದು ತುದಿಯಲ್ಲಿ ರಬ್ಬರಿನ ಹಿಡಿ, ನಡುವೆ ಅವರು ಶಾಫ್ಟ್ ಎನ್ನುವ ಕಾವು. ಚೀಲದಲ್ಲಿ ಇಡುವಾಗ ಹಿಡಿ ಕೆಳಗೆ, ತಲೆ ಮೇಲೆ. ಕಾವು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಹಿಡಿಯ ಬಳಿ ಸುಮಾರು 15 ಮಿಲಿಮೀಟರ್ ಇದ್ದದ್ದು ತಲೆಯ ಹತ್ತಿರ ಬರುವಾಗ 9ಕ್ಕೆ ಇಳಿದಿರುತ್ತದೆ. ಚೀಲದ ಬಾಯಿಗೆ ಅಡ್ಡಪಟ್ಟಿ ಹಾಕಿ ಕೆಲವು ಚೀಲಗಳಲ್ಲಿ ನಾಲ್ಕು, ಕೆಲವದರಲ್ಲಿ ಆರು, ದುಬಾರಿಯದರಲ್ಲಿ ಹದಿನಾಲ್ಕು ಮನೆ ಮಾಡಿರುತ್ತಾರೆ. ಆ ಪಟ್ಟಿಯ ಅಂಚು ಬಂದು ಒತ್ತುವುದು ಕಾವಿನ ಅತ್ಯಂತ ತೆಳ್ಳಗಿನ ಜಾಗಕ್ಕೆ. ಕಾರು ಕುಲುಕಿದಾಗಲೆಲ್ಲ ಉಜ್ಜುವುದು ಅಲ್ಲೇ. ಹೊಡೆಯುವಾಗ ಬಾಗುವುದೂ ಹೆಚ್ಚು ಕಡಿಮೆ ಅದೇ ತುದಿಯಲ್ಲಿ. ಚೀಲ ಮಾಡಿದವನು ಬೇಕೆಂದೇ ದ್ವೇಷ ಸಾಧಿಸಿದ್ದರೂ ಇದಕ್ಕಿಂತ ಸರಿಯಾದ ಜಾಗ ಹುಡುಕಲಾಗುತ್ತಿರಲಿಲ್ಲ.

ಉಕ್ಕಿನ ಕಾವಾದರೆ ಹೋಗಲಿ. ಮೇಲಿನ ಕ್ರೋಮ್ ಲೇಪ ಕಿತ್ತರೆ ತುಕ್ಕು ಹಿಡಿಯುತ್ತದೆ, ಅದು ನಿಧಾನದ ಕಾಯಿಲೆ. ಭಾವನದು ಗ್ರಾಫೈಟ್. ಇಂಗಾಲದ ಎಳೆಗಳ ತೆಳು ಹಾಳೆಗಳನ್ನು ಅಂಟಿನಲ್ಲಿ ಅದ್ದಿ, ಸರಳಿನ ಮೇಲೆ ಸುರುಳಿ ಸುತ್ತಿ, ಬಿಸಿಯಲ್ಲಿ ಬೇಯಿಸಿ, ಉಜ್ಜಿ ನಯ ಮಾಡಿ, ಮೇಲೆ ಬಣ್ಣ ಹೊಡೆದದ್ದು. ಬಣ್ಣ ಮಾತ್ರ ಹೋದರೆ ಅಂದ ಕೆಟ್ಟಿತು ಅಷ್ಟೆ. ಉಜ್ಜು ಇನ್ನೂ ಒಳಗೆ ಇಳಿದು ಎಳೆಗಳನ್ನೇ ಕಡಿದರೆ ಯಾವತ್ತೋ ಒಂದು ದಿನ ಬೀಸಿದಾಗ ಕೋಲು ಪಟ್ಟೆಂದು ಮುರಿದು, ಚೆಂಡಿಗಿಂತ ದೂರ ತಲೆಯೇ ಹೋಗಬಹುದು. ಹೀಗೆ ಹೇಳುವಾಗ ಭಾವನ ಕಣ್ಣಿನಲ್ಲಿದ್ದ ಭಯವನ್ನು ನಾನು ಅವರ ಬೈಪಾಸ್ ಆಪರೇಷನ್ನಿನ ಹಿಂದಿನ ದಿನವೂ ಕಂಡಿರಲಿಲ್ಲ.

ಹಳೆಯ ಕಾಲದಲ್ಲಿ ಈ ಕಷ್ಟವೇ ಇರಲಿಲ್ಲ. ಚೀಲವೇ ಇರಲಿಲ್ಲವಲ್ಲ. ಸ್ಕಾಟ್ಲೆಂಡಿನಲ್ಲಿ ಆಟಗಾರರ ಸಾಮಾನು ಹೊರುವ ಕ್ಯಾಡಿಗಳು ಏಳೆಂಟು ಕೋಲುಗಳನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಚೀಲ ಬಂತು. ಕೈ ಖಾಲಿಯಾದ ಮೇಲೆ ಆಸೆ ಸುಮ್ಮನಿರುತ್ತದೆಯೇ? ಕೋಲುಗಳು ಬೆಳೆದವು. ಆಗ ಕಾವು ಹಿಕರಿ ಎಂಬ ಮರದ್ದು. ಅಮೆರಿಕದವರು 1924ರಲ್ಲಿ, ಸ್ಕಾಟ್ಲೆಂಡಿನ ಹಿರಿಯರು 1929ರಲ್ಲಿ ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟರು. ಮೂವತ್ತರ ದಶಕದಲ್ಲಿ ಕೆಲವು ಆಟಗಾರರು ಇಪ್ಪತ್ತೈದು, ಮೂವತ್ತು ಕೋಲು ತುಂಬಿಕೊಂಡು ಬರತೊಡಗಿದಾಗ ಕ್ಯಾಡಿಗಳ ಬೆನ್ನು ಮುರಿಯುವ ಹಾಗಾಯಿತು. 1938ರಲ್ಲಿ ಅಮೆರಿಕದವರು ಹದಿನಾಲ್ಕೇ ಇರಬೇಕೆಂದು ನಿಯಮ ಮಾಡಿದರು, ಮರುವರ್ಷ ಸ್ಕಾಟ್ಲೆಂಡಿನವರೂ ಒಪ್ಪಿದರು. ಹದಿನೈದನೆಯದು ಚೀಲದಲ್ಲಿ ಸಿಕ್ಕರೆ ದಂಡ. ಮದುವೆ ಮನೆಗೆ ಇಷ್ಟೇ ಜನ ಬರಬೇಕೆಂದು ಸರ್ಕಾರ ನಿಯಮ ಮಾಡಿದ ಕಾಲವೊಂದನ್ನು ನಾವೂ ನೋಡಿದ್ದೇವೆ. ಆ ನಿಯಮ ಬಂದು ಹೋಯಿತು, ಗಾಲ್ಫಿನದು ಉಳಿದಿದೆ.

ಭಾವ ಚಿಕಿತ್ಸೆ ಶುರು ಮಾಡಿದ್ದು ಟವೆಲಿನಿಂದ. ಹಳೆಯ ತುಂಡು ಪಂಚೆ, ಟವೆಲುಗಳನ್ನು ಕೋಲುಗಳ ನಡುವೆ ಹಾವಿನ ಹಾಗೆ ಸುತ್ತಿ ತೂರಿಸಿದರು. ಇದು ಕ್ಯಾಡಿಗಳ ಹಳೆಯ ಉಪಾಯ. ಕೆಲಸವೂ ಮಾಡುತ್ತದೆ. ಆದರೆ ಮೈದಾನದಲ್ಲಿ ಒಂದು ಕೋಲು ಬೇಕೆಂದರೆ ಇಡೀ ಬಟ್ಟೆ ಗಂಟು ಬಿಚ್ಚಬೇಕು. ಹಿಂದೆ ಕಾಯುವ ನಾಲ್ವರು ಆಟಗಾರರು ಗಡಿಯಾರ ನೋಡತೊಡಗುತ್ತಾರೆ.

ಆಮೇಲೆ ಬೈಲುಕುಪ್ಪೆ. 1961ರಲ್ಲಿ ಟಿಬೆಟನ್ನರಿಗೆ ಅಲ್ಲಿ ಜಾಗ ಕೊಟ್ಟಾಗ ಅದು ಕಾಡು. ಈಗ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಬೇಸಿಗೆಯಲ್ಲೂ ಉಣ್ಣೆ ಟೋಪಿ ಸಿಗುವ ಊರೆಂದರೆ ಅದೇ. ಗಾಲ್ಫಿನ ದೊಡ್ಡ ಕೋಲುಗಳಿಗೆ ಹಿಂದೆ ಕೈಯಲ್ಲಿ ಹೆಣೆದ, ಕಾಲುಚೀಲದಂತೆ ಉದ್ದ ಕುತ್ತಿಗೆಯ ಟೋಪಿ ಹಾಕುತ್ತಿದ್ದರಂತೆ. ತಲೆಯನ್ನಲ್ಲದೆ ಕಾವಿನ ಮೇಲ್ಭಾಗವನ್ನೂ ಅದು ಮುಚ್ಚುತ್ತಿತ್ತು. ಈಗ ಅಂಗಡಿಯಲ್ಲಿ ಕೊಡುವ ಟೋಪಿಗಳು ಮೋಟು. ಭಾವ ಬೈಲುಕುಪ್ಪೆಯ ಅಂಗಡಿಯೊಂದರಲ್ಲಿ ಮಂಡಿವರೆಗಿನ ಉಣ್ಣೆ ಕಾಲುಚೀಲಗಳನ್ನು ಕೊಂಡರು. ಅಂಗಡಿಯ ಹೆಂಗಸು ಯಾವ ಸೈಜ್ ಎಂದು ಕನ್ನಡದಲ್ಲೇ ಕೇಳಿದರೆ, ಭಾವ ಡಿಕ್ಕಿಯಿಂದ ಕೋಲು ತಂದು ಅಳತೆ ಕೊಟ್ಟರಂತೆ. ಆಕೆ ನಗಲಿಲ್ಲ. ಚಳಿ ದೇಶದಿಂದ ಬಂದವರಿಗೆ ಬೆಚ್ಚಗಿರಬೇಕಾದದ್ದು ಯಾವುದು ಎಂಬ ವಿಷಯದಲ್ಲಿ ಭೇದಭಾವ ಇಲ್ಲದಿರಬಹುದು.

ಮೂರನೆಯದು ನನ್ನ ಸಲಹೆ. ಹುಣಸೂರಿನ ಹಳೆಯ ಕಥೆ ಗೊತ್ತಿದ್ದವರಿಗೆ ಅದು ಸಹಜವಾಗಿಯೇ ಹೊಳೆಯುತ್ತದೆ. ಈಗ ನಮ್ಮ ಊರೆಂದರೆ ಜನಕ್ಕೆ ಹನುಮ ಜಯಂತಿ ಮೆರವಣಿಗೆ, ದೇವರಾಜ ಅರಸು, ಹೊಗೆಸೊಪ್ಪಿನ ಹರಾಜು ಇಷ್ಟೇ ನೆನಪು. ಆದರೆ ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೆ ಇಲ್ಲಿ ಸರ್ಕಾರದ ದೊಡ್ಡ ಕಾರ್ಖಾನೆಯಿತ್ತು. ಅಮೃತ ಮಹಲ್ ದನಗಳ ಮುಖ್ಯ ಠಾಣೆಯೂ ಹುಣಸೂರೇ. ಅದರ ಜೊತೆಗೆ ಚರ್ಮ ಹದ ಮಾಡುವ ಶಾಲೆ, ಕಂಬಳಿ ನೇಯುವ ಶಾಲೆ, ಮರದ ಅಂಗಳ. ಸೈನ್ಯಕ್ಕೆ ಬೂಟು, ಬೆನ್ನುಚೀಲ, ತೋಟಾ ಇಡುವ ಚರ್ಮದ ಸಂಚಿ, ಕಂಬಳಿ ಎಲ್ಲ ಇಲ್ಲಿಂದ ಹೋಗುತ್ತಿದ್ದವು. ಚೀಲಕ್ಕೆ ಚರ್ಮ, ಒಳಗೆ ಮೆತ್ತಗಿರಲು ಕಂಬಳಿ, ಕಾವಿಗೆ ಮರ! ಒಂದು ಗಾಲ್ಫ್ ಸೆಟ್ಟಿಗೆ ಬೇಕಾದ ಮೂರೂ ಒಂದೇ ಊರಿನಲ್ಲಿ ಇದ್ದವು. ಚೆಂಡೊಂದು ಇರಲಿಲ್ಲ, ಆಡುವವರು ಇರಲಿಲ್ಲ. ಕಾರ್ಖಾನೆಯನ್ನು ಸರ್ಕಾರ ಮುಚ್ಚಿತು. ನಾವು ಇತಿಹಾಸ ತಪ್ಪಿಸಿಕೊಂಡದ್ದು ಹೀಗೆ ಕೂದಲೆಳೆಯಲ್ಲಿ.

ಸರ್ಕಾರಿ ಕಾರ್ಖಾನೆ ಹೋದರೂ ಹೊಲಿಯುವ ಕೈಗಳು ಊರಿನಲ್ಲಿ ಇವೆ. ಬಸ್ ನಿಲ್ದಾಣದ ಕಡೆ ಚಪ್ಪಲಿ, ಸ್ಕೂಲ್ ಬ್ಯಾಗು, ಚೈನು ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಭಾವನ ಚೀಲವನ್ನು ಇಟ್ಟೆವು. ಅವರು ಬೀಡಿ ಆರಿಸಿ, ಚೀಲದ ಬಾಯಿಯ ಅಂಚಿನ ಮೇಲೆ ಬೆರಳು ಆಡಿಸಿ, "ಇಲ್ಲಿ ಚೂಪಾಗಿದೆ, ಕಡೀತದೆ" ಎಂದರು. ಅಂಚಿನ ಹೊಲಿಗೆ ಎದ್ದು ಒಳಗಿನ ಗಟ್ಟಿ ಪ್ಲಾಸ್ಟಿಕ್ ಹೊರಗೆ ಬಂದದ್ದನ್ನು ನಾವಿಬ್ಬರೂ ಅದುವರೆಗೆ ನೋಡಿಯೇ ಇರಲಿಲ್ಲ. ಹಳೆ ಕಂಬಳಿಯ ಪಟ್ಟಿ ಕತ್ತರಿಸಿ, ಮಡಿಸಿ, ಅಡ್ಡಪಟ್ಟಿಗಳಿಗೆಲ್ಲ ಸುತ್ತಿ ಹೊಲಿದು ಕೊಟ್ಟರು. ತೆಗೆದುಕೊಂಡ ಹಣ ಒಂದು ಗಾಲ್ಫ್ ಚೆಂಡಿನ ಬೆಲೆಗಿಂತ ಕಡಿಮೆ. ಕೊಡುವಾಗ ಒಂದು ಮಾತು ಹೇಳಿದರು: "ಮೊದಲು ಧೂಳು ಒರೆಸ್ರಿ. ಕಂಬಳಿ ಧೂಳು ಹಿಡ್ಕಂಡ್ರೆ ಅದೇ ಉಜ್ಜೋ ಕಾಗದ ಆಯ್ತದೆ."

ಈ ಮಾತಿನಲ್ಲಿ ಇಡೀ ಶಾಸ್ತ್ರ ಇದೆ ಎಂದು ನನ್ನ ಅಭಿಪ್ರಾಯ. ಎರಡು ವಸ್ತು ಸವೆಯಬೇಕಾದರೆ ಒತ್ತಬೇಕು, ಅಲುಗಬೇಕು, ನಡುವೆ ಕೊಂಚ ಮರಳು ಇರಬೇಕು. ಹುಣಸೂರು ದಾರಿಯ ಕೆಂಪು ಧೂಳು ಮೂರನೆಯದನ್ನು ಪುಕ್ಕಟೆಯಾಗಿ ಒದಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಕಾವುಗಳನ್ನು ಒರೆಸಿ, ಚೀಲವನ್ನು ತಲೆಕೆಳಗು ಮಾಡಿ ಕೊಡವಿದರೆ ಅರ್ಧ ಕಾಯಿಲೆ ವಾಸಿ. ಆದರೆ ಅದಕ್ಕೆ ಯಾವ ಸಾಮಾನನ್ನೂ ಕೊಳ್ಳಬೇಕಾಗಿಲ್ಲ. ಕೊಳ್ಳದೆ ಮುಗಿಯುವ ಉಪಾಯವನ್ನು ಹವ್ಯಾಸಿಗಳು ಉಪಾಯವೆಂದು ಒಪ್ಪುವುದಿಲ್ಲ. ಭಾವನೂ ಒಪ್ಪಲಿಲ್ಲ. ಚೀಲವನ್ನು ಜಗಲಿಯ ಮೇಲೆ ಬಿಟ್ಟು ಸ್ನಾನಕ್ಕೆ ಹೋದಾಗ ಅವ್ವನೇ ಹದಿನಾಲ್ಕನ್ನೂ ತೆಗೆದು ಸೆರಗಿನ ತುದಿಯಲ್ಲಿ ಒರೆಸಿ ಇಟ್ಟಿದ್ದಳು. ದಸರಾದ ಆಯುಧಪೂಜೆ ಹತ್ತಿರ ಇದ್ದದ್ದರಿಂದ ಒಂದೆರಡಕ್ಕೆ ಕುಂಕುಮವೂ ಬಿದ್ದಿತ್ತು.

ದಸರಾ ಎಂದಾಗ ಆನೆ ನೆನಪಾಯಿತು. ಉಜ್ಜುವಿಕೆಯ ಬಗ್ಗೆ ನಮ್ಮ ಸೀಮೆಯಲ್ಲಿ ಯಾರಿಗಾದರೂ ಪೂರ್ತಿ ಗೊತ್ತಿದ್ದರೆ ಅದು ಮಾವುತರಿಗೆ. ಚಿನ್ನದ ಅಂಬಾರಿಯ ತೂಕ 750 ಕೆಜಿ. ಅದನ್ನು ಬರಿ ಬೆನ್ನಿನ ಮೇಲೆ ಕಟ್ಟಿದರೆ ಬನ್ನಿಮಂಟಪ ತಲುಪುವ ಹೊತ್ತಿಗೆ ಆನೆಯ ಚರ್ಮ ಸುಲಿದುಹೋಗುತ್ತದೆ. ಆದ್ದರಿಂದ ಮೊದಲು ನಮ್ದಾ ಎಂಬ ಮೆತ್ತನೆಯ ಹಾಸು ಹಾಸುತ್ತಾರೆ, ಅದರ ಮೇಲೆ ಗಾದಿ. ಗಾದಿಯ ಒಳಗೆ ಒಣಗಿದ ಹುಲ್ಲು ತುಂಬಿರುತ್ತದೆ. ಆಮೇಲೆ ಹಗ್ಗ ಬಿಗಿದು ಅಂಬಾರಿ ಕೂರಿಸುತ್ತಾರೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಮೈಸೂರು ಸೇರಿದ ಮೇಲೆ ವಾರಗಟ್ಟಲೆ ಮರಳು ಮೂಟೆ ಹೊರಿಸಿ ನಡೆಸುವುದು ಬರಿಯ ಭಾರ ಅಭ್ಯಾಸಕ್ಕಲ್ಲ, ಗಾದಿ ಎಲ್ಲಿ ಜಾರುತ್ತದೆ, ಹಗ್ಗ ಎಲ್ಲಿ ತಿನ್ನುತ್ತದೆ ಎಂದು ನೋಡುವುದಕ್ಕೂ ಹೌದು. ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಸ್ವಂತ ಮನೆಯವರು ಹೋದ ಹಾಗೆ ಅತ್ತವರಿದ್ದಾರೆ. ಅವ್ವ ಆ ದಿನ ಟಿವಿ ಆರಿಸಿ ಕೂತಿದ್ದಳು.

ಎಚ್.ಡಿ. ಕೋಟೆಯಲ್ಲಿ ನಮ್ಮ ನೆಂಟರ ಮದುವೆಗೆ ಹೋದಾಗ, ಕಾವಾಡಿ ಕೆಲಸ ಮಾಡಿ ಬಿಟ್ಟ ಮುದುಕರೊಬ್ಬರ ಪಕ್ಕದಲ್ಲಿ ಭಾವ ಪಂಕ್ತಿಯಲ್ಲಿ ಕೂತರು. ಪಾಯಸ ಬರುವ ಹೊತ್ತಿಗೆ ಮಾತು ಗಾದಿಗೆ ತಲುಪಿತ್ತು. ಮುದುಕರು ಹೇಳಿದ್ದು ಇಷ್ಟು: ಗಾದಿ ಎಷ್ಟು ಮೆತ್ತಗಿದೆ ಅನ್ನುವುದು ಆಮೇಲಿನ ಮಾತು. ಸಡಿಲ ಇದ್ದರೆ ಎಂಥ ಮೆತ್ತನೆಯದೂ ಹುಣ್ಣು ಮಾಡುತ್ತದೆ. ಬಿಗಿಯಾಗಿ ಕೂತರೆ ಗೋಣಿಯೂ ಸಾಕು. ಭಾವ ಪಾಯಸ ಬಿಟ್ಟು ಎದ್ದರು. ಕಾರಿನ ಹತ್ತಿರ ಹೋಗಿ, ಚೀಲದ ಕೆಳಗೆ ಹಿಡಿಗಳು ಓಲಾಡುವ ಜಾಗಕ್ಕೆ ಮದುವೆ ಮನೆಯ ಹಳೇ ಗೋಣಿಚೀಲ ತುರುಕಿದರು. ಅಲ್ಲಿಯವರೆಗೆ ಅವರು ಮೇಲಿನ ಬಾಯಿಯನ್ನೇ ನೋಡಿಕೊಂಡಿದ್ದರು. ಕೆಳಗೆ ಅಲುಗುವುದರಿಂದ ಮೇಲೆ ಉಜ್ಜುತ್ತದೆ ಎಂಬ ಸಂಗತಿ ಎಂದೂ ಗಾಲ್ಫ್ ಆಡದವರೊಬ್ಬರಿಂದ ಬಂತು. ಅಂದು ಹ್ಯಾಂಡ್ ಪೋಸ್ಟ್ ದಾಟಿ ಬರುವಾಗ ಡಿಕ್ಕಿಯಿಂದ ಸದ್ದೇ ಇರಲಿಲ್ಲ. ಭಾವನಿಗೆ ಅನುಮಾನ ಬಂದು, ಚೀಲವನ್ನು ಮದುವೆ ಮನೆಯಲ್ಲೇ ಮರೆತೆನೋ ಎಂದು ನಿಲ್ಲಿಸಿ ನೋಡಿದರು.

ನಡೆಯುವಾಗಿನ ಸದ್ದಿಗೆ ಬೇರೆ ಮದ್ದಿದೆ. ಒಳ್ಳೆಯ ಕ್ಯಾಡಿ ಚೀಲ ಹೊತ್ತು ನಡೆಯುವಾಗ ಒಂದು ಕೈಯನ್ನು ಕೋಲುಗಳ ತಲೆಯ ಮೇಲೆ ಇಟ್ಟಿರುತ್ತಾನೆ. ಕಬ್ಬಿಣ ಕಬ್ಬಿಣಕ್ಕೆ ತಾಗಿ ಆಟಗಾರನ ಗಮನ ಕೆಡಬಾರದು. ಹೊತ್ತಿಗೆ ಸರಿಯಾಗಿ ಬಾ, ಹೆಜ್ಜೆಗೆ ಹೆಜ್ಜೆ ಹಾಕು, ಬಾಯಿ ಮುಚ್ಚಿಕೊಂಡಿರು ಎಂದು ಕ್ಯಾಡಿಗಳಿಗೆ ಮೂರು ಸೂತ್ರ ಹೇಳುತ್ತಾರೆ. ಮೂರನೆಯದು ಕೋಲುಗಳಿಗೂ ಅನ್ವಯಿಸುತ್ತದೆ ಎಂದು ಕಾಣುತ್ತದೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಆಡಿದಾಗ ಅವರ ಚೀಲ ಹೊತ್ತದ್ದು ಸ್ವಂತ ತಾಯಿ. 2021ರ ಆಗಸ್ಟ್ 7, ಶನಿವಾರ ಬೆಳಿಗ್ಗೆ, ಗಾಲ್ಫಿನ ಗಂಧಗಾಳಿ ಇಲ್ಲದ ಮನೆಗಳಲ್ಲೂ ಟಿವಿ ಹಚ್ಚಿದ್ದರು. ನಮ್ಮ ಮನೆಯಲ್ಲೂ ಅಷ್ಟೆ. ಅದಿತಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಭಾವ ತಲೆ ಮೇಲೆ ಕೈ ಹೊತ್ತು ಕೂತರು. ಅವ್ವ ಮಾತ್ರ ಆಟದ ಉದ್ದಕ್ಕೂ ನೋಡಿದ್ದು ತಾಯಿಯನ್ನು. "ಆ ಬಿಸಿಲಾಗೆ ಅಷ್ಟು ದೂರ ಹೊತ್ಕಂಡು ನಡ್ದವ್ಳೆ, ಅವಳಿಗೂ ಒಂದು ಪದಕ ಕೊಡ್ಬೇಕು" ಎಂದಳು. ಗಾಲ್ಫ್ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು ಅದೊಂದೇ.

ಕಂಬಳಿ ಪಟ್ಟಿ, ಗೋಣಿ, ಕಾಲುಚೀಲ ಇಷ್ಟಕ್ಕೆ ನಿಲ್ಲಿಸಿದ್ದರೆ ಭಾವ ಸುಖವಾಗಿ ಇರುತ್ತಿದ್ದರು. ಅಷ್ಟರಲ್ಲಿ ಕ್ಲಬ್ಬಿನಲ್ಲಿ ಯಾರೋ ಪೈಪಿನ ವಿಷಯ ಕಿವಿಗೆ ಹಾಕಿದರು. ಪ್ರತಿ ಕೋಲಿಗೆ ಒಂದೊಂದು ಪ್ಲಾಸ್ಟಿಕ್ ಕೊಳವೆ, ಚೀಲದ ತಳದಿಂದ ಬಾಯಿಯವರೆಗೆ. ಕೋಲು ಕೋಲಿಗೆ ತಾಗುವ ಪ್ರಶ್ನೆಯೇ ಇಲ್ಲ. ವಿದೇಶದಲ್ಲಿ ಇದಕ್ಕೆಂದೇ ತಯಾರಾದ ಕೊಳವೆ ಸಿಗುತ್ತದೆ. ನಮ್ಮಲ್ಲಿ ನೀರಿನ ಪಿವಿಸಿ ಪೈಪು ಇದೆ. ಒಂದಿಂಚಿನದು ತಂದರೆ ರಬ್ಬರಿನ ಹಿಡಿ ಒಳಗೆ ಸಿಕ್ಕಿಕೊಂಡು ಕೋಲು ಎಳೆದಾಗ ಪೈಪೂ ಎದ್ದು ಬರುತ್ತದೆ. ಒಂದೂಕಾಲು ಇಂಚಿನದು ಸರಿ. ಇಲ್ಲೂ ಒಂದು ಸೂಕ್ಷ್ಮ ಇದೆ. ಗರಗಸದಲ್ಲಿ ಕೊಯ್ದ ಪೈಪಿನ ಅಂಚು ಕತ್ತಿಯಂತೆ ಇರುತ್ತದೆ. ಅದನ್ನು ಉಜ್ಜುಕಾಗದದಿಂದ ಉರುಟು ಮಾಡದೆ ಹಾಗೇ ಇಟ್ಟರೆ, ಕೋಲನ್ನು ಪಟ್ಟಿಯ ಕಾಟದಿಂದ ಬಿಡಿಸಿ ಪೈಪಿನ ಬಾಯಿಗೆ ಕೊಟ್ಟ ಹಾಗಾಯಿತು. ಭಾವ ಒಂದು ವಾರ ಸಂಜೆ ಕೂತು ಅಂಚು ಉಜ್ಜಿದರು. ಮನೆಯಲ್ಲಿ ಅಕ್ಕ ತರಕಾರಿ ಹೆಚ್ಚಿಕೊಡಿ ಎಂದರೆ ಕೈ ನೋವು ಎನ್ನುವ ಮನುಷ್ಯ ಇವರೇ.

ಪೈಪು ಇಳಿಸಿದ ಚೀಲವನ್ನು ಹೊತ್ತುಕೊಂಡು ನಾನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದೆ. ಮೂರು ನಾಲ್ಕು ಕೆಜಿ ಹೆಚ್ಚಾಗಿತ್ತು. ಕೋಲುಗಳ ಸದ್ದು ಹೋಗಿ ಪೈಪುಗಳ ಸದ್ದು ಬಂದಿತ್ತು. ಹೊಸದು ಹೆಚ್ಚು ಗಟ್ಟಿ, ಅಂಗನವಾಡಿಯ ತಟ್ಟೆ ಲೋಟ ಒಟ್ಟಿಗೆ ಬಿದ್ದಷ್ಟು. ಮೈಸೂರಿನ ಕ್ಯಾಡಿ ಹುಡುಗ ಚೀಲ ಎತ್ತಿ, ಇಳಿಸಿ, ಒಳಗೆ ಬಗ್ಗಿ ನೋಡಿ, "ಸಾರ್, ಇವತ್ತು ಟ್ರಾಲಿ ತಗೊಳಾಣ" ಎಂದನಂತೆ. ಅವನಿಗೆ ಮೇಲಿನ ಮೂರನೆಯ ಸೂತ್ರ ಚೆನ್ನಾಗಿ ಗೊತ್ತು, ಇನ್ನೇನೂ ಹೇಳಲಿಲ್ಲ. ಕಾವುಗಳಿಗೆ ಮಾತ್ರ ಅಂದಿನಿಂದ ಹೊಸ ಉಂಗುರ ಬಿದ್ದಿಲ್ಲ. ಅದು ಪೈಪಿನ ಪುಣ್ಯವೋ, ಟ್ರಾಲಿಯ ಚಕ್ರದ ಪುಣ್ಯವೋ, ಪ್ರತಿ ಸಲ ಜಗಲಿಯ ಮೇಲೆ ಅವ್ವ ಒರೆಸಿಡುವ ಪುಣ್ಯವೋ ಎಂದು ಚರ್ಚೆ ಇದೆ. ನನ್ನ ಮತ ಅವ್ವನಿಗೆ.

ಆ ಪೈಪು ಕೊಂಡ ದಿನದ ಸಂಗತಿಯನ್ನು ಹೇಳದಿದ್ದರೆ ಆಗದು. ಭಾವನ ಹುಟ್ಟೂರು ಕೆ.ಆರ್. ನಗರದ ಪಕ್ಕ. ಗದ್ದೆ ನೋಡಲು ಹೋದವರು ಪೇಟೆಯಲ್ಲಿ ಪೈಪು, ಮೋಟರು, ಡ್ರಿಪ್ ಸಾಮಾನು ಮಾರುವ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಒಂದೂಕಾಲು ಇಂಚಿನ ಪೈಪು, ಇಪ್ಪತ್ತು ಅಡಿಯ ಎರಡು ಉದ್ದ ಕೊಡಿ, ಮೂರಡಿಗೆ ಕೊಂಚ ಕಮ್ಮಿ ಬರುವ ಹಾಗೆ ಹದಿನಾಲ್ಕು ತುಂಡು ಮಾಡಿಸಿ ಎಂದರು. ಅಂಗಡಿಯವರು ಚೀಟಿ ಬರೆಯುವುದನ್ನು ನಿಲ್ಲಿಸಿದರು.

"ಯಾವುದಕ್ಕೆ ಸಾರ್ ಇಷ್ಟಿಷ್ಟೇ ತುಂಡು?"

"ಗಾಲ್ಫಿಗೆ."

"ಅದೇನ್ ಬೆಳೆ ಸಾರ್?"

"ಬೆಳೆಯಲ್ಲಪ್ಪ. ದೊಡ್ಡ ಹುಲ್ಲು ಬಯಲು ಇರುತ್ತೆ. ಅದರಲ್ಲಿ ಅಲ್ಲಲ್ಲಿ ಹದಿನೆಂಟು ಗುಂಡಿ..."

ಅಂಗಡಿಯವರ ಮುಖ ಅರಳಿತು. ಅವರಿಗೆ ಗೊತ್ತಿರುವ ಲೋಕ ಬಂದಿತ್ತು. "ಹಂಗ್ ಹೇಳಿ. ಗುಂಡಿಗೆ ತೆಂಗಾ ಸಾರ್, ಮಾವಾ?"

ಭಾವ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಮೋಟರು ಕಂಪನಿಯ ಕ್ಯಾಲೆಂಡರು ನೋಡುತ್ತಿದ್ದೆ.

"ಗುಂಡಿಗೆ ಚೆಂಡು ಹಾಕೋದು" ಎಂದರು ಭಾವ, ಸಣ್ಣ ದನಿಯಲ್ಲಿ.

ಚೆಂಡು ಎಂದರೆ ಚೆಂಡು ಹೂವು ಎಂದುಕೊಂಡ ಅಂಗಡಿಯವರು ತಲೆಯಾಡಿಸಿದರು. ಈ ಸಲ ದಸರಾಕ್ಕೆ ಚೆಂಡು ಹೂವಿಗೆ ಒಳ್ಳೆ ರೇಟು ಇತ್ತು, ಒಳ್ಳೆ ಯೋಚನೆ ಸಾರ್, ಆದರೆ ಹೂವಿಗೆ ಯಾಕೆ ಗುಂಡಿ, ಸಾಲು ಹೊಡೆಸಿದರೆ ಸಾಕಲ್ಲ ಎಂದರು. ಭಾವ ಉತ್ತರ ಕೊಡಲಿಲ್ಲ. ಹುಡುಗ ಗರಗಸ ತಂದು ಪೈಪಿಗೆ ಗುರುತು ಹಾಕಿದ. ಅಂಗಡಿಯವರು ಕ್ಯಾಲ್ಕುಲೇಟರ್ ಒತ್ತುತ್ತಿದ್ದವರು ಏನೋ ಹೊಳೆದು ತಲೆಯೆತ್ತಿದರು.

"ಲೆಕ್ಕ ತಪ್ಪಿದೆ ಸಾರ್. ಗುಂಡಿ ಹದಿನೆಂಟು ಅಂದ್ರಿ. ಪೈಪು ಹದಿನಾಲ್ಕೇ ಮಾಡಿಸಿದ್ರೆ ಉಳಿದ ನಾಲ್ಕಕ್ಕೆ ನೀರು ಎಲ್ಲಿಂದ ಬರ್ತದೆ?"

ಭಾವ ಮರುಮಾತಾಡದೆ ಇನ್ನೊಂದು ಇಪ್ಪತ್ತು ಅಡಿ ಕೊಯ್ಸಿದರು.